ಮಗುಚುವ ಕಾರಿಗೆ ಸಪೂರ ತಂತಿ

ಬ್ರಹ್ಮಾವರದ ಮೈದಾನದಲ್ಲಿ ರಿಮೋಟ್ ಕಾರುಗಳ ಓಟ. ನನ್ನ ಮೊಮ್ಮಗಳ ಕಾರು ತಿರುವು ಬಂದಲ್ಲೆಲ್ಲ ಮಗುಚುತ್ತಿತ್ತು. ಇನ್ನು ಕೊನೆಯ ಓಟವೊಂದೇ ಬಾಕಿ, ಹುಡುಗಿ ಅಳುವುದೊಂದು ಬಾಕಿ.

ಪಕ್ಕದ ಮೇಜಿನಲ್ಲಿ ಟೋಪಿ ಹಾಕಿದವರೊಬ್ಬರು ತಮ್ಮ ಕಾರು ರಿಪೇರಿ ಮಾಡುತ್ತಿದ್ದರು. ಎಡಬಲದ ಚಕ್ರಗಳನ್ನು ಜೋಡಿಸುವ ತಂತಿಗೆ ಸ್ವೇ ಬಾರ್ ಅನ್ನುತ್ತಾರಂತೆ. ಅದು ದಪ್ಪ ಇದ್ದರೆ ಕಾರು ವಾಲುವುದಿಲ್ಲ ಅಂದರು. ಇವಳು ಹಿಂದೆ ಮುಂದೆ ಎರಡಕ್ಕೂ ದಪ್ಪದ್ದೇ ಹಾಕಿ ಓಡಿಸಿ ನೋಡಿದಳು. ಕಾರು ಮಗುಚಲಿಲ್ಲ, ಹಿಂಭಾಗ ಜಾರಿ ಗಿರ್ರನೆ ತಿರುಗಿತು.

"ಎರಡೂ ಬಿಗಿ ಮಾಡ್ರೆ ಹ್ಯಾಂಗ್ ಹೆಣೆ? ಮೀನ್ ಬುಟ್ಟಿ ಹೊತ್ಕಂಡ್ ತಿರ್ಗುವಾಗ ಕುತ್ಗಿ ಬಿಗಿ ಇರ್ಕ್, ಸೊಂಟ ಸಡ್ಲ ಇರ್ಕ್. ಹಿಂದಕ್ಕೆ ಸಪೂರದ್ದ್ ಹಾಕ್" ಅಂದೆ ಮೊಮ್ಮಗಳಿಗೆ.

"ಇದ್ ಮೀನ್ ಬುಟ್ಟಿ ಅಲ್ಲ ಅಜ್ಜಿ" ಅಂತ ಟೋಪಿಯವರು ನಕ್ಕರು.

"ನೀವ್ ಬುಟ್ಟಿ ಹೊತ್ತದ್ದಿತ್ತಾ?" ಅಂದೆ.

ಹುಡುಗಿ ಹಿಂದಿನ ದಪ್ಪ ತಂತಿ ತೆಗೆದು ಸಪೂರದ್ದು ಹಾಕಿದಳು. ಕೊನೆಯ ಓಟದಲ್ಲಿ ಕಾರು ಒಮ್ಮೆಯೂ ಮಗುಚದೆ ಮೂರನೆಯದಾಗಿ ಬಂತು.

ನೋಡಿದರೆ ಟೋಪಿಯವರು ತಮ್ಮ ಕಾರನ್ನೂ ತಂದು ನನ್ನ ಮಡಿಲಲ್ಲಿಟ್ಟರು. "ಅಜ್ಜಿ, ಇದನ್ನೂ ಒಂಚೂರ್ ಕಾಣಿ ಕಾಂಬ."

ಕನ್ನಡಕ ಹಾಕಿ, ಕಾರನ್ನು ಅಡಿಮೇಲು ಮಾಡಿ, ಡಾಕ್ಟರು ನೋಡುವಷ್ಟು ಹೊತ್ತು ನೋಡಿದೆ. ಎಂತದೂ ತಿಳಿಯಲಿಲ್ಲ.

"ಮೊದ್ಲ್ ಮಣ್ಣ್ ತೊಳ್ಕಂಡ್ ಬನ್ನಿ" ಅಂದೆ.

ಪಾಪ, ಅವರು ತೊಳೆದು ಬರುವುದರೊಳಗೆ ನಾವು ಬಸ್ಸು ಹತ್ತಿಯಾಗಿತ್ತು.