ಹೊಸಬರ ಶನಿವಾರ

ಹೆತ್ತೂರಿನಿಂದ ನಾವು ಹೊರಟದ್ದು ಮೇ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಆರು ಗಂಟೆಗೆ. ಹಿಂದಿನ ಸಂಜೆ ಬಿದ್ದ ಮಳೆಗೆ ರಸ್ತೆ ಇನ್ನೂ ಒದ್ದೆಯಾಗಿತ್ತು. ನಾವು ಎಂದರೆ ನಾನು, ಜವರಪ್ಪ ಮತ್ತು ನನ್ನ ಕೆಂಪು ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಬೆಂಗಳೂರಿನವರೊಬ್ಬರು ಓಡಿಸಿ ಬೇಸರವಾಗಿ ಮಾರಿದ್ದನ್ನು ನಾನು ಕೊಂಡಿದ್ದೆ. ಈ ಗುಂಡಿಬಿದ್ದ ರಸ್ತೆಗೆ ಅಂಥ ಕಾರು ಯಾಕೆ ಎಂದು ಕೇಳದವರು ಊರಲ್ಲಿ ಯಾರೂ ಇರಲಿಲ್ಲ. ಕೇಳಿದವರಿಗೆಲ್ಲ ನಗುತ್ತಾ ಏನೋ ಒಂದು ಹೇಳಿ ಸಾಗಹಾಕುತ್ತಿದ್ದೆ.

ಜವರಪ್ಪ ನಮ್ಮ ಎಸ್ಟೇಟಿನ ಜೀಪ್ ಡ್ರೈವರ್. ಇಪ್ಪತ್ತನಾಲ್ಕು ವರ್ಷ ಅದೇ ಕೆಲಸ ಮಾಡಿದವನು. ನನಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವನೂ ಅವನೇ. ಕೆಂಪು ಕಾರು ಕೊಳ್ಳಲು ನಾನು ಆ ಜೀಪನ್ನು ಮಾರಿದ್ದೆ. ಜೀಪಿನ ಜೊತೆ ಜವರಪ್ಪನ ಕೆಲಸವೂ ಹೋಗುತ್ತದೆ ಎಂಬುದು ನನಗೆ ಹೊಳೆದದ್ದು ಜೀಪು ಗೇಟು ದಾಟಿದ ಮೇಲೆ. ಆಮೇಲೆ ಗಡಿಬಿಡಿಯಿಂದ ಮಾರನಹಳ್ಳಿಯ ಗೆಳೆಯ ಮಲ್ಲೇಶನ ಕಾಲು ಹಿಡಿದೆ. ಅವನೂ ಅಕ್ಕಪಕ್ಕದ ಎಸ್ಟೇಟಿನವರೂ ಸೇರಿ ಮಕ್ಕಳನ್ನು ಸಕಲೇಶಪುರದ ಸ್ಕೂಲಿಗೆ ಬಿಟ್ಟು ಕರೆತರಲು ಒಂದು ವ್ಯಾನ್ ತೆಗೆದುಕೊಂಡಿದ್ದರು. ಜೂನ್‌ನಿಂದ ಅದಕ್ಕೆ ಜವರಪ್ಪನೇ ಡ್ರೈವರ್ ಎಂದು ಮಾತಾಯಿತು. ಅರವತ್ತರ ಹತ್ತಿರ ಬಂದವನಿಗೆ ಬೇರೆಲ್ಲೂ ಕೆಲಸ ಸಿಗುವಂತಿರಲಿಲ್ಲ. ಹಾಗಾಗಿ ಆ ಮಾತು ನಿಂತಾಗ ನನ್ನ ಎದೆಯ ಭಾರ ಅರ್ಧ ಇಳಿದಿತ್ತು.

ನಾವು ಹೋಗುತ್ತಿದ್ದದ್ದು ಆಲೂರಿನ ಆಚೆಗೆ. ಅಲ್ಲಿ ಒಂದು ಮೋಟಾರು ಕ್ಲಬ್ಬಿನವರು ಯಾರದೋ ಖಾಸಗಿ ಬಯಲಲ್ಲಿ ಒಂದೂವರೆ ಕಿಲೋಮೀಟರಿನ ಸುತ್ತು ರಸ್ತೆ ಹಾಕಿಸಿ, ಯಾರು ಬೇಕಾದರೂ ತಮ್ಮ ಕಾರನ್ನು ಅದರ ಮೇಲೆ ಜೋರಾಗಿ ಓಡಿಸಿ ನೋಡುವ ಟ್ರ್ಯಾಕ್ ಡೇ ಇಟ್ಟಿದ್ದರು. ಶನಿವಾರ ಹೊಸಬರಿಗೆ, ಭಾನುವಾರ ಪಳಗಿದವರಿಗೆ. ಎರಡಕ್ಕೂ ಶುಲ್ಕ ಒಂದೇ. ಶನಿವಾರ ಬೆಳಿಗ್ಗೆ ಎರಡು ಗಂಟೆ ಪಾಠ, ಪಕ್ಕದ ಸೀಟಿನಲ್ಲಿ ತರಬೇತುದಾರ, ಒಂದು ಸಲಕ್ಕೆ ನಾಲ್ಕೇ ಕಾರು ಎಂದು ಅವರು ಕಳಿಸಿದ ಕಾಗದದಲ್ಲಿ ಬರೆದಿತ್ತು. ಭಾನುವಾರಕ್ಕೆ ಇದು ಯಾವುದೂ ಇಲ್ಲ. ನಾನು ಓದಿ ಹೇಳಿದ್ದನ್ನು ಕೇಳಿ ಜವರಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. "ಶನಿವಾರಕ್ಕೆ ಬರ್ಸಿ ಗೌಡ್ರೆ. ನಮ್ಗೆ ಘಾಟಿ ಗೊತ್ತು, ಅದೇನ್ ಗೊತ್ತೈತೆ?" ಎಂದ. ನಾನೂ ಒಪ್ಪಿ ಶನಿವಾರಕ್ಕೇ ಹೆಸರು ಕೊಟ್ಟಿದ್ದೆ.

ಸಕಲೇಶಪುರಕ್ಕೆ ಮೂವತ್ತು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಹೊಂಡ ತಪ್ಪಿಸುತ್ತಾ ಒಂದು ಗಂಟೆಯ ಮೇಲೆ ಹಿಡಿಯಿತು. ಹೇಮಾವತಿ ಸೇತುವೆಗೆ ಸ್ವಲ್ಪ ಮೊದಲು, ಇಳಿಜಾರಿನಲ್ಲಿದ್ದ ಹೋಟೆಲಿನ ಮುಂದೆ ನಿಲ್ಲಿಸಿದೆ. ನಾನು ಹ್ಯಾಂಡ್‌ಬ್ರೇಕ್ ಎಳೆದೆ, ಜವರಪ್ಪ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. ಗುಡ್ಡದ ಮೇಲೆ ಗಾಡಿ ಕಲಿತವರಿಗೆ ಇದು ಚಪ್ಪಲಿ ಬಿಟ್ಟು ಮನೆಯೊಳಗೆ ಹೋದ ಹಾಗೆ, ಮಾಡಿದ್ದು ಮಾಡಿದವರಿಗೇ ತಿಳಿಯುವುದಿಲ್ಲ. ಒಳಗೆ ಕಡುಬು, ಕಾಯಿಚಟ್ನಿ ಬಿಸಿಯಾಗಿತ್ತು. ಮೂಲೆಯ ಮೇಜಿನಲ್ಲಿ ಮಲ್ಲೇಶ ಇನ್ನಿಬ್ಬರು ಬೆಳೆಗಾರರ ಜೊತೆ ಕೂತಿದ್ದ.

ಅವರಲ್ಲೊಬ್ಬ, ಶಿರಾಡಿ ಘಾಟಿಯ ಹುಲಿ ಎಲ್ಲಿಗೆ ಹೊರಟಿತು ಎಂದು ಕೇಳಿದ. ಶಿರಾಡಿಯಲ್ಲಿ ಲಾರಿಗಳನ್ನು ಹಿಂದೆ ಹಾಕಿದ ಕಥೆಗಳನ್ನು ಅವರಿಗೆ ಹೇಳಿ ಹೇಳಿ ಆ ಬಿರುದನ್ನು ನಾನೇ ಸಂಪಾದಿಸಿಕೊಂಡಿದ್ದೆ. ಟ್ರ್ಯಾಕಿಗೆ ಎಂದೆ. "ಇವತ್ತು ಹೊಸಬ್ರಿಗಲ್ವೇನೋ?" ಎಂದು ಮಲ್ಲೇಶ ಕೇಳಿದ. ಅವನು ವ್ಯಂಗ್ಯವಾಡಲಿಲ್ಲ, ಸುಮ್ಮನೆ ಕೇಳಿದ್ದು. ಉಳಿದಿಬ್ಬರು ಆಗಲೇ ನಗಲು ಬಾಯಿ ತೆರೆದಿದ್ದರು. ನನ್ನದು ನಾಳೆ, ಇವತ್ತು ಆಲೂರಿನಲ್ಲಿ ಸ್ವಲ್ಪ ಕೆಲಸವಿದೆ ಎಂದುಬಿಟ್ಟೆ. ಹಾಗಾದರೆ ನಾಳೆ ಮಗಳನ್ನು ಕರೆದುಕೊಂಡು ನೋಡಲು ಬರುತ್ತೇನೆ, ಅವಳಿಗೆ ಈ ಕಾರಿನದೇ ಜಪ ಎಂದ ಮಲ್ಲೇಶ. ಅವಳನ್ನು ಕೂರಿಸಿ ಒಂದು ಸುತ್ತು ಹೊಡೆಸುತ್ತೇನೆ ಎಂದು ಮಾತು ಕೊಟ್ಟೆ. ಜವರಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ.

ಆಲೂರು ಅಲ್ಲಿಂದ ಸುಮಾರು ಇಪ್ಪತ್ತೈದು ಕಿಲೋಮೀಟರ್. ಅರ್ಧ ದಾರಿಯಲ್ಲಿ ಫೋನಿಗೆ ಸಿಗ್ನಲ್ ಸಿಕ್ಕಿತು. ಆಗ ಎಲ್ಲ ಕಡೆ ಸಿಗುತ್ತಿರಲಿಲ್ಲ, ಏರು ಹತ್ತಿ ನಿಲ್ಲಬೇಕಿತ್ತು. ಕ್ಲಬ್ಬಿಗೆ ಫೋನ್ ಮಾಡಿ ಹೆಸರನ್ನು ಭಾನುವಾರದ ಪಟ್ಟಿಗೆ ಬದಲಿಸಿಕೊಂಡೆ. ಮೊದಲು ಟ್ರ್ಯಾಕಿನಲ್ಲಿ ಓಡಿಸಿದ ಅನುಭವ ಇದೆಯೇ ಎಂದು ಕೇಳಿದರು. ಇದೆ ಎಂದೆ. ಒಂದು ಸುಳ್ಳನ್ನು ಕಾಯಲು ಇನ್ನೊಂದು ಬೇಕಾಗುತ್ತದಲ್ಲ, ಎರಡನೆಯದು ಮೊದಲಿನದಕ್ಕಿಂತ ಸಲೀಸಾಗಿ ಬಂತು.

ಆ ಶನಿವಾರವನ್ನು ಆಲೂರಿನಲ್ಲಿ ಕಳೆದದ್ದನ್ನು ನೆನೆದರೆ ಇವತ್ತಿಗೂ ಮೈ ಹಿಡಿಯಾಗುತ್ತದೆ. ಮಾಡಲು ಏನೂ ಕೆಲಸವಿಲ್ಲ. ಬಿತ್ತನೆ ಆಲೂಗಡ್ಡೆಯ ಕಾಲ. ಅಂಗಡಿಗಳ ಮುಂದೆ ಮೂಟೆ ಆಯಲು ರೈತರು ಸಾಲಾಗಿ ನಿಂತಿದ್ದರು. ತಾಲ್ಲೂಕು ಕಚೇರಿಯ ಎದುರಿನ ಮರದ ಕೆಳಗೆ ಕಾರು ನಿಲ್ಲಿಸಿ, ಸುತ್ತ ಕೂಡಿದ ಜನರ ಪ್ರಶ್ನೆಗಳಿಗೆ ಉತ್ತರ ಕೊಟ್ಟೆ. ಲೀಟರಿಗೆ ಎಷ್ಟು ಕೊಡುತ್ತದೆ, ಹಿಂದೆ ಯಾಕೆ ಸೀಟಿಲ್ಲ, ಹೆಂಡತಿ ಮಕ್ಕಳು ಎಲ್ಲಿ ಕೂರುತ್ತಾರೆ. ಸೆಖೆ ಬೇರೆ. ಮಧ್ಯಾಹ್ನ ಮುದ್ದೆ ಉಂಡು ಲಾಡ್ಜಿನಲ್ಲಿ ಮಲಗಿದೆವು. ಊರ ಹೊರಗಿನಿಂದ ಗಾಳಿ ಬೀಸಿದಾಗ ಎಂಜಿನ್ ಸದ್ದು ಕೇಳುತ್ತಿತ್ತು. ನಾನು ಕೂರಬೇಕಿದ್ದ ಪಾಠ ಆ ಹೊತ್ತಿಗೆ ಮುಗಿದಿರಬೇಕು. "ಅಲ್ಲಿಗೆ ಹೋಗಿ ಸುಮ್ನೆ ನಿಂತಾದ್ರೂ ನೋಡ್ಬಹುದಿತ್ತು," ಎಂದ ಜವರಪ್ಪ. ನಾನು ನಿದ್ದೆ ಬಂದವನಂತೆ ಗೋಡೆಯ ಕಡೆ ತಿರುಗಿದೆ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಟ್ರ್ಯಾಕ್ ಸೇರಿದೆವು. ಸುತ್ತ ಶುಂಠಿ ಹೊಲ, ಮೂಲೆಗಳಲ್ಲಿ ಹಳೇ ಟೈರುಗಳ ಗೋಡೆ. ಹನ್ನೆರಡು ಕಾರುಗಳಿದ್ದವು. ಮುಖ್ಯ ತರಬೇತುದಾರರು ನೀಟಾಗಿ ಬಟ್ಟೆ ತೊಟ್ಟ, ಸಣ್ಣ ದನಿಯ ಮನುಷ್ಯ. ಹೊಸಬರ ಪಾಠ ಆಗದವರು ಯಾರಾದರೂ ಇದ್ದರೆ ಈಗಲೇ ಹೇಳಿ, ಹತ್ತು ನಿಮಿಷದಲ್ಲಿ ಮುಖ್ಯವಾದದ್ದನ್ನು ಹೇಳಿಬಿಡುತ್ತೇನೆ ಎಂದರು. ಮಲ್ಲೇಶ ಮಗಳ ಕೈ ಹಿಡಿದುಕೊಂಡು ಹಗ್ಗದ ಆಚೆ ನಿಂತಿದ್ದ. ನಾನು ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಳ್ಳುತ್ತಾ ಸುಮ್ಮನಿದ್ದೆ.

ಮೊದಲ ಸರದಿಯ ಆರು ಸುತ್ತು ಹೇಗೋ ಮುಗಿಯಿತು. ಪ್ರತಿ ತಿರುವಿನಲ್ಲೂ ನನ್ನ ಕೈ ತಾನಾಗಿಯೇ ಹಾರ್ನ್ ಒತ್ತುತ್ತಿತ್ತು. ಎದುರಿಗೆ ಬಸ್ಸು ಬಂದೀತೆಂದು ಇಪ್ಪತ್ತು ವರ್ಷ ಒತ್ತಿದ ಕೈ. ಹಗ್ಗದ ಆಚೆಯವರು ನಕ್ಕರು. ಆ ನಗುವನ್ನು ಮುಚ್ಚಲು ಜೋರಾಗಿ ನುಗ್ಗಿ, ತಿರುವಿನ ಬುಡದಲ್ಲಿ ಬಲವಾಗಿ ಬ್ರೇಕ್ ತುಳಿದೆ. ಒಳಗೆ ಬಂದು ನಿಲ್ಲಿಸಿದಾಗ ಚಕ್ರಗಳಿಂದ ಸುಟ್ಟ ವಾಸನೆ ಬರುತ್ತಿತ್ತು. ನಿಲ್ಲಿಸಿದವನೇ ಹ್ಯಾಂಡ್‌ಬ್ರೇಕನ್ನು ಕೊನೆಯ ಹಲ್ಲಿನವರೆಗೆ ಎಳೆದೆ. ಜವರಪ್ಪ ಎಲ್ಲಿಂದಲೋ ಒಂದು ಕಲ್ಲು ತಂದು ಚಕ್ರಕ್ಕೆ ಕೊಟ್ಟ. ಅಂಗೈಯಷ್ಟು ಸಮತಟ್ಟಾದ ಜಾಗವದು. ಪಕ್ಕದ ಕಾರಿನವರು ಕಲ್ಲನ್ನು ನೋಡಿ ಮತ್ತೆ ನಕ್ಕರು. ಹ್ಯಾಂಡ್‌ಬ್ರೇಕನ್ನು ಯಾರೂ ನೋಡಲಿಲ್ಲ.

ಅರ್ಧ ಗಂಟೆಯ ಮೇಲೆ ಎರಡನೇ ಸರದಿ. ಹ್ಯಾಂಡ್‌ಬ್ರೇಕ್ ಇಳಿಸಿದರೂ ಕಾರು ಯಾರೋ ಹಿಂದಿನಿಂದ ಹಿಡಿದೆಳೆದಂತೆ ಭಾರವಾಗಿ ಚಲಿಸಿತು. ಎಂಜಿನ್ ತಣ್ಣಗಾಗಿರಬೇಕೆಂದುಕೊಂಡು ಇನ್ನಷ್ಟು ತುಳಿದೆ. ಮೂರನೇ ಸುತ್ತಿನ ಕೊನೆಯ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಪೆಡಲು ಕೆಸರಿನಲ್ಲಿ ಕಾಲಿಟ್ಟಂತೆ ತಳಕ್ಕೆ ಹೋಯಿತು. ಕಾರು ನೇರ ನುಗ್ಗಿ ಟೈರುಗಳನ್ನು ಚೆದುರಿಸಿ, ಬೇಲಿ ಕಿತ್ತು, ಶುಂಠಿ ಹೊಲದ ಮೂರು ಸಾಲು ದಾಟಿ ನಿಂತಿತು. ನನಗೆ ಏನೂ ಆಗಿರಲಿಲ್ಲ. ಎಲ್ಲರಿಗಿಂತ ಮೊದಲು ಓಡಿ ಬಂದವನು ಜವರಪ್ಪ. ಬಂದವನೇ ನನ್ನ ಮಂಡಿ, ಮೊಣಕೈ ಮುಟ್ಟಿ ನೋಡಿದ.

ತರಬೇತುದಾರರು ಹಿಂದಿನ ಚಕ್ರದ ಬಳಿ ಕೂತು ಸ್ವಲ್ಪ ಹೊತ್ತು ನೋಡಿದರು. ಕಾದ ಬ್ರೇಕಿಗೆ ಹ್ಯಾಂಡ್‌ಬ್ರೇಕ್ ಎಳೆದಿದ್ದಾರೆ, ಒಳಗೆ ಹಿಡಿದುಕೊಂಡುಬಿಟ್ಟಿದೆ, ಅದೇ ಸ್ಥಿತಿಯಲ್ಲಿ ಓಡಿಸಿದ್ದಕ್ಕೆ ಇನ್ನೂ ಕಾದು ಬ್ರೇಕಿನ ಎಣ್ಣೆ ಕುದಿದಿದೆ ಎಂದರು. ಹೊಸಬರಿಗೆ ಮೊದಲು ಹೇಳುವ ಮಾತೇ ಅದಂತೆ. "ಎಳೆದದ್ದು ಯಾರು?" ಎಂದು ಕೇಳಿದರು. ಅಷ್ಟರಲ್ಲಿ ಹನ್ನೊಂದು ಕಾರುಗಳವರೂ ಬೇಲಿಯ ಬಳಿ ಬಂದಿದ್ದರು. ಮಲ್ಲೇಶನೂ ಇದ್ದ.

"ನಮ್ಮ ಡ್ರೈವರ್," ಎಂದೆ.

ಎಲ್ಲರೂ ಜವರಪ್ಪನ ಕಡೆ ತಿರುಗಿದರು. ಅವನು ನನ್ನನ್ನು ನೋಡಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಹೂಂ, ನಾನೇ ಎಳ್ದಿದ್ದು. ತಪ್ಪಾಗೋಯ್ತು," ಎಂದ.

ಮಲ್ಲೇಶ ಮಗಳನ್ನು ಕಾರಿನಿಂದ ದೂರ ಸರಿಸಿ ನನ್ನನ್ನು ಪಕ್ಕಕ್ಕೆ ಕರೆದ. "ದಿನಾ ಮಕ್ಳನ್ನ ಕೂರಿಸ್ಕೊಂಡು ಘಾಟಿ ಹತ್ತೋ ಗಾಡಿ ಕಣೋ ಅದು. ಬೇರೆಯವ್ರ ಮಕ್ಳೂ ಇರ್ತವೆ. ವ್ಯಾನ್ ಕೆಲ್ಸ ಬೇಡ ಅಂತ ಜವರಪ್ಪಂಗೆ ನೀನೇ ಸಮಾಧಾನವಾಗಿ ಹೇಳ್ಬುಡು," ಎಂದ. ಮನೆಗೆ ಊಟಕ್ಕೆ ನೆಂಟರು ಬರುವವರಿದ್ದರೆಂದು ಆಗಲೇ ಹೊರಟುಬಿಟ್ಟ. ನಾನು ಹೂಂ ಎಂದು ಗೋಣಾಡಿಸಿದ್ದೆ. ನಾಚಿಕೆಗೇಡು ಎಂಬ ಮಾತಿಗೆ ಅರ್ಥ ಬೇಕಾದವರು ಆ ಗೋಣನ್ನು ನೋಡಬೇಕಿತ್ತು.

ಹೊಲದವರಲ್ಲಿ ಕ್ಷಮೆ ಕೇಳಿ, ಕಾರನ್ನು ಅಲ್ಲೇ ಬಿಟ್ಟು, ಆಲೂರಿನಿಂದ ಮಧ್ಯಾಹ್ನ ಒಂದು ಗಂಟೆಯ ಸರ್ಕಾರಿ ಬಸ್ಸು ಹತ್ತಿದೆವು. ಜನ ತುಂಬಿದ್ದರು. ಆಲೂಗಡ್ಡೆ ಮೂಟೆಗಳ ನಡುವೆ ನಿಂತೇ ಹೊರಟೆವು. ಮಲ್ಲೇಶನ ಮಾತನ್ನು ಜವರಪ್ಪನಿಗೆ ಹೇಳಬೇಕೆಂದುಕೊಂಡೆ. ಬಾಳ್ಳುಪೇಟೆಯಲ್ಲಿ ಸೀಟು ಸಿಕ್ಕಿದ ಮೇಲೆ ಹೇಳೋಣವೆಂದುಕೊಂಡೆ. ಸೀಟು ಸಿಕ್ಕಿತು, ಸಕಲೇಶಪುರ ಬಂತು. ನಾನು ಬಿಸಿಲು ಜಾಸ್ತಿ ಎಂಬುದನ್ನು ಬಿಟ್ಟು ಬೇರೇನೂ ಹೇಳಿರಲಿಲ್ಲ.

ಸಕಲೇಶಪುರದ ನಿಲ್ದಾಣದಲ್ಲಿ ಹೆತ್ತೂರಿನ ಬಸ್ಸು ನಿಂತಿತ್ತು. ಹತ್ತಿ ಕೂತೆವು. ಆಗ ಕೇಳಿದೆ, ನಾನು ಮಾಡಿದ್ದನ್ನು ನೀನು ಯಾಕೆ ಹೊತ್ತುಕೊಂಡೆ ಎಂದು. ಜವರಪ್ಪ ಕಿಟಕಿಯ ಸರಳು ಉಜ್ಜತೊಡಗಿದ.

"ನಿಮ್ಗೆ ಹದಿನೆಂಟು ವರ್ಸ ಆಗ. ನಿಲ್ಸಿದ್ ತಕ್ಷಣ ಹ್ಯಾಂಡ್‌ಬ್ರೇಕ್ ಎಳೀದೇ ಇದ್ರೆ ಕೈಮೇಲೆ ಹೊಡೀತಿದ್ದೆ ನಾನು. ಗ್ಯಾಪ್ನ ಐತಾ? ಇವತ್ತೂ ಹಂಗೇ ಎಳ್ದ್ರಿ. ನಾ ಕಲ್ಸಿದ್ದೇ ಅಲ್ವಾ ಅದು. ನಾನ್ ಹೇಳಿದ್ದು ಸುಳ್ಳೇನಲ್ಲ," ಎಂದ.

ಮಲ್ಲೇಶ ವ್ಯಾನಿನ ಬಗ್ಗೆ ಹೇಳಿದ್ದನ್ನು ಅವನಿಗೆ ನಾನಿನ್ನೂ ತಿಳಿಸಿರಲಿಲ್ಲ. ಅವನು ಜೂನ್‌ಗೆಂದು ಹೊಸ ಖಾಕಿ ಅಂಗಿ ಹೊಲಿಸಲು ಕೊಟ್ಟಿರುವುದು ನನಗೆ ಗೊತ್ತಿತ್ತು. ಪಕ್ಕದಲ್ಲಿ ಮಾರನಹಳ್ಳಿಯ ಮೇಲೆ ಹೋಗುವ ಮಂಗಳೂರಿನ ಬಸ್ಸು ಹೊರಡುತ್ತಿತ್ತು. ನೀನು ಮನೆಗೆ ಹೋಗಿರು ಎಂದು ಹೇಳಿ ಇಳಿದು ಓಡಿ ಅದನ್ನು ಹತ್ತಿದೆ. ಹಿಂತಿರುಗಿ ನೋಡಿದಾಗ ಜವರಪ್ಪ ಕಿಟಕಿಯಿಂದ ತಲೆ ಹೊರಹಾಕಿ, ನಾನು ಏನೋ ಮರೆತು ಬಂದಿರಬೇಕೆಂಬಂತೆ ನೋಡುತ್ತಿದ್ದ.

ಮಾರನಹಳ್ಳಿಗೆ ಅರ್ಧ ಗಂಟೆ. ದೋಣಿಗಾಲ್ ದಾಟಿದ ಮೇಲೆ ಮೋಡ ಕವಿಯಿತು. ಮಲ್ಲೇಶನ ಮನೆಯಲ್ಲಿ ನೆಂಟರು ಊಟ ಮುಗಿಸಿ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದರು. ಒಳಗೆ ಬಾ ಎಂದ. ಬೇಡ ಎಂದು ಅಲ್ಲೇ, ಅವರೆಲ್ಲರೆದುರೇ ಹೇಳಿದೆ. ಹ್ಯಾಂಡ್‌ಬ್ರೇಕ್ ಎಳೆದದ್ದು ನಾನು, ಶನಿವಾರ ನನ್ನ ಹೆಸರಿದ್ದದ್ದು ಹೊಸಬರ ಪಟ್ಟಿಯಲ್ಲಿ, ಹೋಟೆಲಿನಲ್ಲಿ ನಾಚಿಕೆಯಾಗಿ ಬದಲಿಸಿದೆ ಎಂದು. ನಗುವವರು ನಗಲಿ ಎಂದು ಕಾದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಮಲ್ಲೇಶ ಗೇಟಿನವರೆಗೆ ಬಂದ. ಜವರಪ್ಪ ಜೂನ್ ಒಂದಕ್ಕೆ ಬರಲಿ ಎಂದ. ನಾನು ಥ್ಯಾಂಕ್ಸ್ ಹೇಳುವಷ್ಟರಲ್ಲಿ, "ಮಗಳಿಗೆ ನಿನ್ ಕಾರಲ್ಲಿ ಒಂದ್ ಸುತ್ತು ಅಂದಿದ್ಯಲ್ಲ, ಅದು ಬೇಡ ಬಿಡು," ಎಂದು ಗೇಟು ಹಾಕಿಕೊಂಡ.

ಹೆತ್ತೂರು ಸೇರಿದಾಗ ಸಂಜೆ ಆರೂವರೆ, ದಪ್ಪ ಹನಿ ಶುರುವಾಗಿತ್ತು. ನೇರ ಜವರಪ್ಪನ ಮನೆಗೆ ಹೋದೆ. ನಡೆದದ್ದನ್ನೆಲ್ಲ ಹೇಳಿದೆ. ಕೆಲಸ ಕೈತಪ್ಪಿ ಮತ್ತೆ ಕೈಸೇರಿದ್ದು ಎರಡೂ ಅವನಿಗೆ ಒಟ್ಟಿಗೇ ತಿಳಿಯಿತು. ಕೇಳಿಸಿಕೊಂಡು, ಒಳಗಿನಿಂದ ಟವಲು ತಂದು ತಲೆ ಒರೆಸಿಕೊಳ್ಳಲು ಕೊಟ್ಟ. ಕಾರು ರಿಪೇರಿಯಾದ ಮೇಲೆ ಮತ್ತೆ ಹೋಗುತ್ತೇನೆ, ಈ ಸಲ ಶನಿವಾರವೇ, ನೀನೂ ಬರಬೇಕು ಎಂದೆ.

"ಹೋಗ್ಬನ್ನಿ ಗೌಡ್ರೆ. ಒಳ್ಳೇದು," ಎಂದ ಜವರಪ್ಪ. "ನಾನ್ ಬರಕ್ಕಾಗಕಿಲ್ಲ. ಶನಿವಾರ ಮಕ್ಳಿಗೆ ಸ್ಕೂಲ್ ಐತಲ್ಲ."