ಕಟಿಂಗ್ ಶಾಪಿನಲ್ಲಿ ಒಂದು ಸಾವು

ಕತ್ತರಿ ಹಿಡಿದರೆ ಯಾರ ಕಿವಿಯ ಪಕ್ಕದಲ್ಲೂ ಕೈ ನಡುಗದ ಆಸಾಮಿ ಆ ಕ್ಷೌರಿಕ. ಮನಸ್ಸು ಮಾತ್ರ ಬೆಣ್ಣೆ. ಕೂದಲು ತುಸು ಜಾಸ್ತಿ ಹೋದರೆ ಗಿರಾಕಿಗಿಂತ ಮೊದಲು ಅವನ ಮುಖವೇ ಬಾಡುತ್ತಿತ್ತು. ಇಂಥವನ ಕೈಗೆ ನಾಲ್ಕು ವರ್ಷದ ಹಿಂದೆ ಜನರನ್ನು ಕೊಲ್ಲುವ ಅಧಿಕಾರ ಸಿಕ್ಕಿತು.

ಆಗಿನಿಂದ ಪ್ರತಿ ವಾರದ ರಜೆಯ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು, ಅಕ್ಕ, ಭಾವ, ಅವನು ತಿರುಗುವ ಕುರ್ಚಿಗಳಲ್ಲಿ ಕೂತು ಕಥೆಯಾಟ ಆಡುತ್ತಿದ್ದರು. ಕಥೆ ಹೇಳುವವನು ಅವನು. ಉಳಿದವರು ತಲೆಗೊಬ್ಬ ವೀರನನ್ನು ಕಾಗದದ ಮೇಲೆ ಹುಟ್ಟಿಸಿಕೊಂಡು ಆ ಕಥೆಯೊಳಗೆ ನುಗ್ಗಬೇಕು. ಬದುಕಿದರೋ ಸತ್ತರೋ, ಇಪ್ಪತ್ತು ಮುಖದ ದಾಳ ಹೇಳುತ್ತದೆ. ರಕ್ಕಸರ ಪರವಾಗಿ ಎಸೆಯುವ ದಾಳವನ್ನು ಅವನು ಮುಂದಿನ ಸ್ಟೂಲಿನ ಮೇಲೆ, ಪೌಡರ್ ಡಬ್ಬಿಗಳ ಮರೆಯಲ್ಲಿ ಎಸೆಯುತ್ತಿದ್ದ. ಅಂಕೆ ದೊಡ್ಡದಾದಷ್ಟೂ ವೀರನಿಗೆ ಪೆಟ್ಟು ಜೋರು; ಅದಕ್ಕೇ ಹತ್ತೊಂಬತ್ತು ಬಿದ್ದರೆ ಮೂರು ಅನ್ನುತ್ತಿದ್ದ. ಯಾರಾದರೂ ಸತ್ತು, ಮುನಿಸಿಕೊಂಡು, ಮುಂದಿನ ವಾರ ಬರದೇ ಹೋದರೆ? ಅದರಲ್ಲೂ ಅಕ್ಕ? ಬಸ್ ಕಂಡಕ್ಟರ್ ಅಕ್ಕ ತಮ್ಮನ ಎದುರು ಅಷ್ಟು ಹೊತ್ತು ಕೂರುತ್ತಿದ್ದುದು ಈ ಆಟಕ್ಕಾಗಿ ಮಾತ್ರ. ಆ ಮಧ್ಯಾಹ್ನ ತಪ್ಪಿದರೆ ಅವನಿಗೆ ವಾರವೇ ಖಾಲಿ.

ಹೀಗಾಗಿ ಅಕ್ಕನ ವೀರವನಿತೆ ಗದೆಯಮ್ಮ ಎರಡು ಸಲ ಕೆಂಡದ ಬಾವಿಗೆ ಹಾರಿ, ಒಂದು ಸಲ ರಕ್ಕಸನ ಮೀಸೆ ಎಳೆದು, ಕೂದಲೂ ಕೊಂಕದೆ ಬಂದಿದ್ದಳು.

ಎಲ್ಲ ಕೆಡಿಸಿದವನು ಮೊದಲ ಸಲ ಆಡಲು ಬಂದ ಔಷಧಿ ಅಂಗಡಿಯವನು. ಗದೆಯಮ್ಮನ ಮೇಲೆ ಮೂರು ತಲೆಯ ಹಾವು ಎರಗಿತು. ದಾಳ ಉರುಳಿತು.

"ಎರಡು," ಎಂದ ಕ್ಷೌರಿಕ.

"ಎರಡಾ? ಇಪ್ಪತ್ತಲ್ವಾ ಅಣ್ಣಾ? ಹಿಂದಿನ ಕನ್ನಡೀಲಿ ಚೆನ್ನಾಗಿ ಕಾಣ್ತಿದೆಯಲ್ಲ!" ಎಂದ ಔಷಧಿಯವನು.

ಕ್ಷೌರಿಕ ತಿರುಗಿ ನೋಡಿದ. ಬೆನ್ನ ಹಿಂದೆ ಗೋಡೆಯಗಲದ ಕನ್ನಡಿ. ದಿನವಿಡೀ ಅದನ್ನೇ ನೋಡಿಕೊಂಡು ಅನ್ನ ಸಂಪಾದಿಸುವ ಮಹಾಶಯನಿಗೆ ಅದರ ನೆನಪೇ ಇರಲಿಲ್ಲ.

"ಅಕ್ಕಾ, ನಿಂಗೆ ಗೊತ್ತಿತ್ತಾ?"

"ಮೊದಲ್ನೇ ವಾರದಿಂದ," ಎಂದಳು ಅಕ್ಕ. ಭಾವ ಫ್ಯಾನಿನ ರೆಕ್ಕೆ ಎಣಿಸತೊಡಗಿದರು. "ಪಾಪ, ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಿದ್ದೆ, ಹೆಂಗೆ ಬಾಯಿ ಬಿಡೋದು? ನಾನು ಬಾವಿಗೆ ಹಾರಿದ್ದು ಧೈರ್ಯದಿಂದ ಅನ್ಕೊಂಡ್ಯಾ?"

ಅವನಿಗೆ ನಾಚಿಕೆಯಿಂದ ಕಿವಿ ಕೆಂಪಾದವು. ಅಕ್ಕ ಎದ್ದು ಡಬ್ಬಿಗಳನ್ನೆಲ್ಲ ಪಕ್ಕಕ್ಕೆ ಸರಿಸಿದಳು.

"ಇಪ್ಪತ್ತು ಬಿದ್ದಿದೆ. ಕಚ್ಚಿಸು."

"ಬೇಡಕ್ಕಾ, ಸತ್ತೋಗ್ತಾಳೆ."

"ಕಚ್ಚಿಸ್ತೀಯೋ, ನಾನು ಬರೋದೇ ನಿಲ್ಲಿಸ್ಲೋ?"

ಹಾವು ಕಚ್ಚಿತು. ಗದೆಯಮ್ಮ ಗದೆ ಬೀಸಿ ಒಂದು ತಲೆ ಜಜ್ಜಿದಳು, ಎರಡನೆಯದಕ್ಕೆ ಕೈ ಏಳಲಿಲ್ಲ. ಅವಳ ಕೊನೆಯುಸಿರು ವರ್ಣಿಸುವಷ್ಟರಲ್ಲಿ ಅವನಿಗೆ ಅಳು ಬಂದು ಎರಡು ಸಲ ನೀರು ಕುಡಿಯಬೇಕಾಯಿತು. ಅಕ್ಕನೂ ಅತ್ತಳು. ಕೈಗೆ ಸಿಕ್ಕಿದ್ದು ಗಿರಾಕಿಗಳ ಕೊರಳಿಗೆ ಹೊದಿಸುವ ಬಟ್ಟೆ. ಅದರಲ್ಲೇ ಮುಖ ಒರೆಸಿಕೊಂಡಳು. ನಿನ್ನೆಯ ಕತ್ತರಿಸಿದ ಕೂದಲು ಮೆತ್ತಿಕೊಂಡು ದಪ್ಪ ಮೀಸೆ ಬಂತು. ನಗುವ ಧೈರ್ಯ ಯಾರಿಗೂ ಇರಲಿಲ್ಲ.

"ಬೇಕಾದ್ರೆ ಬದುಕಿಸ್ತೀನಿ ಅಕ್ಕಾ. ಸಂಜೀವಿನಿ ಇತ್ತು ಅಂತ ಏನೋ ಒಂದು ಹೇಳಿ..."

"ಮುಟ್ಟಿದ್ರೆ ನೋಡು! ಅವಳು ನಿಜವಾಗಿ ಹೋರಾಡಿದ್ದು ಇವತ್ತೇ." ಅಕ್ಕ ಹೊಸ ಹಾಳೆ ಎಳೆದುಕೊಂಡಳು. "ಬರ್ಕೋ. ಸತ್ತವಳ ತಂಗಿ, ಸೇಡು ತೀರಿಸ್ಕೊಳ್ಳೋಕೆ ಬಂದಿದ್ದಾಳೆ."

"ತಮ್ಮ ಅಂತ ಮಾಡಬಾರ್ದಾ?" ಅವನು ಕಣ್ಣೊರೆಸಿಕೊಂಡ.

"ತಮ್ಮ ಬೇಡಪ್ಪಾ. ಅವನು ಹಾವು ಸತ್ರೂ ಅಳ್ತಾನೆ. ಮುಂದಿನ ವಾರ ಬೇಗ ಬಾಗಿಲು ತೆಗಿ."