ಬೆನ್ನ ಹಿಂದಿನ ಮೇಪಲ್

ಬೈಯುವ ಮುನ್ನ ಅವರು ಹಲ್ಲಿನ ಸೆಟ್ಟನ್ನು ಹೆಬ್ಬೆರಳಿನಿಂದ ಮೇಲಕ್ಕೆ ಒತ್ತಿಕೊಳ್ಳುತ್ತಿದ್ದರು. ಟಕ್ ಎಂದು ಸಣ್ಣ ಸದ್ದು. ಪಕ್ಕದಲ್ಲಿ ಸ್ಟಿಯರಿಂಗ್ ಹಿಡಿದು ಕೂತ ನಾನು ಆ ಸದ್ದು ಕೇಳಿದ ಕೂಡಲೇ ವೇಗ ಇಳಿಸುತ್ತಿದ್ದೆ. ಮಾತಿನ ನಡುವೆ ಸೆಟ್ಟು ಜಾರಿ ಬೈಗುಳ ತೊದಲಬಾರದಲ್ಲ, ಅದಕ್ಕೆ ಈ ತಯಾರಿ. ಮೂವತ್ತೆರಡು ವರ್ಷ ಧಾರವಾಡದ ಕಡೆಯ ಕಾಲೇಜುಗಳಲ್ಲಿ ಗಣಿತ ಕಲಿಸಿ, ರಿಟೈರಾದ ಮೇಲೆ ಮಗನ ಜೊತೆ ಇರಲು ಮಿಶಿಗನ್ನಿಗೆ ಬಂದಿದ್ದರು. ಇಲ್ಲಿ ಆ ವಯಸ್ಸಿನವರನ್ನೆಲ್ಲ ಆಂಟಿ ಎನ್ನುವುದು ವಾಡಿಕೆ. ನಾನು ಮೊದಲ ದಿನದಿಂದ ಕೊನೆಯ ದಿನದವರೆಗೂ ಮೇಡಂ ಎಂದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಅವರ ಬದುಕಿನ ಕೊನೆಯ ಅಕ್ಟೋಬರಿನಲ್ಲಿ ಇಲ್ಲಿ ಉದುರುವ ಮುನ್ನ ಬಣ್ಣ ತಿರುಗುವ ಎಲೆಗಳನ್ನು ಅವರು ನೋಡದಂತೆ ಮಾಡಿದವಳು ನಾನು. ಬೇಕೆಂದೇ ಮಾಡಿದೆ. ಅದು ಅವರ ಕೊನೆಯ ಅಕ್ಟೋಬರ್ ಎಂದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಮಾಡುತ್ತಿರಲಿಲ್ಲ ಎಂದು ಬರೆಯಲು ಕೈ ಹೋಗುತ್ತದೆ, ಆದರೆ ಖಾತ್ರಿಯಿಲ್ಲ.

ನಾನು ಹರಿಹರದವಳು. ಅಪ್ಪ, ನಮ್ಮ ಮಾತಿನಲ್ಲಿ ಅಬ್ಬಾ, ಹೈವೇ ಪಕ್ಕದಲ್ಲಿ ಲಾರಿ ರಿಪೇರಿಯ ಗ್ಯಾರೇಜು ಇಟ್ಟವರು. ನಮ್ಮ ಮನೆತನದಲ್ಲಿ ಡಿಗ್ರಿ ಎಂಬುದು ಯಾರ ಹೆಸರಿನ ಮುಂದೆಯೂ ಇರಲಿಲ್ಲ. ನಾನೂ ಪಿಯುಸಿಗೆ ನಿಲ್ಲಿಸಿ ಮದುವೆಯಾಗಿ ಮಿಶಿಗನ್ನಿಗೆ ಬಂದವಳು. ವಿಕ್ಸಮ್‌ನ ಒಂದು ಕಾರ್ಖಾನೆಯಲ್ಲಿ ಕಾರಿನ ಬಿಡಿಭಾಗಗಳ ಅಳತೆ ಸರಿಯಿದೆಯೇ ಎಂದು ನೋಡುವ ಕೆಲಸ ಸಿಕ್ಕಿತು. ಮೂವತ್ತೊಂದನೆಯ ವಯಸ್ಸಿಗೆ ಸಂಜೆ ಕಾಲೇಜಿಗೆ ಸೇರಿ, ಕ್ಯಾಲ್ಕುಲಸ್‌ನಲ್ಲಿ ಎರಡು ಸಲ ಫೇಲಾದೆ. ಮೂರನೆಯ ಸಲವೂ ಫೇಲಾದರೆ ಕೋರ್ಸಿನಿಂದಲೇ ಹೊರಗೆ. ಆ ದಿನಗಳಲ್ಲಿ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಬರೆದಿದ್ದರು: ಅಮ್ಮನಿಗೆ ಫಾಲ್ ಕಲರ್ ನೋಡುವ ಹುಚ್ಚು, ನನಗೆ ಶನಿವಾರವೂ ಬಿಡುವಿಲ್ಲ, ಹೋಗುವವರಿದ್ದರೆ ಕಾರಿನಲ್ಲಿ ಒಂದು ಸೀಟು ಕೊಡಿ, ಅವರು ರಿಟೈರ್ಡ್ ಮ್ಯಾಥ್ಸ್ ಲೆಕ್ಚರರ್, ತಮ್ಮಷ್ಟಕ್ಕೆ ಇರುತ್ತಾರೆ. ಕೊನೆಯ ಮಾತು ಶುದ್ಧ ಸುಳ್ಳು. ಅದರ ಹಿಂದಿನ ಮಾತು ನೋಡಿ ನಾನು ಫೋನ್ ಮಾಡಿದೆ. ನನ್ನ ಕ್ಯಾಲ್ಕುಲಸ್ ಕಥೆ ಕೇಳಿ ಮಗ ಫೋನನ್ನು ಅಮ್ಮನ ಕೈಗೆ ಕೊಟ್ಟರು.

"ಎಷ್ಟ ಸಲಾ ಫೇಲ್ ಆಗೀ?" ನಮಸ್ಕಾರಕ್ಕೂ ಮೊದಲು ಕೇಳಿದರು.

"ಎರಡು ಸಲ, ಮೇಡಂ."

"ದನಿ ಕೇಳಿದ್ರ ನಾಕ ಸಲಾ ಅನಸ್ತದ. ಇರಲಿ. ನೀ ನನಗ ಎಲಿ ತೋರಸು, ನಾ ನಿನಗ ಡಿಗ್ರಿ ತೋರಸ್ತೀನಿ."

ನಮ್ಮ ನಡುವಿನ ಒಪ್ಪಂದ ಅಷ್ಟೇ. ಹಣದ ಮಾತು ಒಮ್ಮೆಯೂ ಬರಲಿಲ್ಲ.

ಎಲೆ ನೋಡುವುದಕ್ಕೂ ಅವರಲ್ಲಿ ಸಿಲೆಬಸ್ ಇತ್ತು. ಬಿಸಿಲಿನ ದಿನ ಹೊರಡುವುದು ಅವರ ಪ್ರಕಾರ ದಡ್ಡತನ. ಮಳೆ ಬಂದು ನಿಂತು, ಮೋಡ ಇನ್ನೂ ಹರಿಯದ ದಿನ ಹೋಗಬೇಕು. ತೊಗಟೆ ನೆಂದು ಕಪ್ಪಾಗಿರುತ್ತದೆ, ಆ ಕಪ್ಪಿನ ಮುಂದೆ ಕೆಂಪು ತನ್ನ ನಿಜವಾದ ಬಣ್ಣ ತೋರಿಸುತ್ತದೆ. ಮೊದಲು ನೋಡಬೇಕಾದದ್ದು ಜೌಗಿನಲ್ಲಿ ನಿಂತ ಮರಗಳನ್ನು, ಕಾಲು ನೀರಿನಲ್ಲಿರುವ ಮೇಪಲ್ ಎಲ್ಲರಿಗಿಂತ ಮುಂಚೆ ಕೆಂಪಾಗುತ್ತದೆ. ಆಮೇಲೆ ಗುಡ್ಡದ ಮೇಪಲ್. ಓಕ್ ಕೊನೆಗೆ, ಅದೂ ಬೇರೇನೂ ಉಳಿಯದಿದ್ದರೆ. ಹೈವೇಯಿಂದ ನೋಡಿದ್ದು ಲೆಕ್ಕಕ್ಕಿಲ್ಲ. ಊರಿಗೆ ಎರಡು ಎಕ್ಸಿಟ್ ಮೊದಲೇ ಇಳಿದು ಮಣ್ಣು ರಸ್ತೆ ಹಿಡಿಯಬೇಕು. ಮರದ ಬುಡಕ್ಕೆ ಹೋಗಿ ತಲೆ ಎತ್ತಿ, ಬೆಳಕು ಎಲೆಯನ್ನು ದಾಟಿ ಬರುವಂತೆ ನೋಡಬೇಕು. ಒಂದೇ ಜಾಗದಲ್ಲಿ ಗಂಟೆಗಟ್ಟಲೆ. ಸೇಬಿನ ರಸ, ಡೋನಟ್ ಮಾರುವ ಸೈಡರ್ ಮಿಲ್ಲುಗಳ ಮುಂದೆ ನಿಂತ ಕಾರುಗಳ ಸಾಲು ಕಂಡರೆ ಅವರಿಗೆ ಮೈಯೆಲ್ಲ ಉರಿ. "ಈ ಮಂದಿ ಎಲಿ ನೋಡ್ಲಿಕ್ಕೆ ಬಂದಿಲ್ಲ, ಡೋನಟ್ ತಿನ್ಲಿಕ್ಕೆ ಬಂದಾರ."

ಒಮ್ಮೆ ಗುಡ್ಡದ ಮೇಲೆ ನಮ್ಮ ಕಡೆಯ ಒಬ್ಬ ಹುಡುಗ, ಹೆಂಡತಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, "ಆಂಟಿ, ಒಂದು ಫೋಟೋ ತೆಗೀತೀರಾ?" ಎಂದ.

"ಮರಾ ನಿಮ್ಮ ಹಿಂದ ಅವ. ಬಂದಾಗಿನಿಂದ ಒಮ್ಮೆರೆ ತಿರುಗಿ ನೋಡೀರೇನು?"

ಹುಡುಗ ಪೆಚ್ಚಾಗಿ ಫೋನು ಜೇಬಿಗಿಟ್ಟುಕೊಂಡ. ನಾನು ನಗಲಿಲ್ಲ. ನಗುವ ಸ್ಥಿತಿಯಲ್ಲಿರಲಿಲ್ಲ, ಯಾಕೆಂದರೆ ನನ್ನ ಹಿಂದೆಯೂ ಅದೇ ಮರಗಳಿದ್ದವು, ತಿರುಗಲು ನನಗೆ ಅಪ್ಪಣೆ ಇರಲಿಲ್ಲ.

ಅವರು ಪಾಠ ಮಾಡುವ ರೀತಿ ಅದು. ಪಾರ್ಕಿನ ಮರದ ಮೇಜಿಗೆ ಹೋಗಿ, ಬಣ್ಣವಿರುವ ಕಡೆಗೆ ಮುಖ ಮಾಡಿ ತಾವು ಕೂರುವರು. ಎದುರಿಗೆ ನಾನು, ಬೆನ್ನು ಬಣ್ಣಕ್ಕೆ, ಮುಖ ಪಾರ್ಕಿಂಗ್ ಲಾಟಿಗೆ ಮತ್ತು ಅವರಿಗೆ. ಒಂದು ಲೆಕ್ಕ ಬರೆದು ಕೊಡುವರು. "ತಿರುಗಬ್ಯಾಡ. ಉತ್ತರಾ ಬಂದ ಮ್ಯಾಲೆ ತಿರುಗು." ನಾನು ಬರೆಯುತ್ತಿದ್ದಷ್ಟು ಹೊತ್ತು ಅವರ ಕಣ್ಣು ನನ್ನ ತಲೆಯ ಮೇಲಿನಿಂದ ಹಾಯ್ದು ಆ ಕಡೆ ಹೋಗಿರುತ್ತಿತ್ತು. ಮುಖ ಮೆತ್ತಗಾಗುತ್ತಿತ್ತು. ಅಷ್ಟು ಮೆತ್ತಗಿನ ಮುಖವನ್ನು ಅವರು ಯಾವ ಮನುಷ್ಯರಿಗೂ ತೋರಿಸಿದ್ದನ್ನು ನಾನು ಕಂಡಿಲ್ಲ. ಆಮೇಲೆ ಕಣ್ಣು ನನ್ನ ಹಾಳೆಗೆ ಇಳಿಯುತ್ತಿತ್ತು. ಟಕ್.

"ನಿಮ್ಮಪ್ಪ ಲಾರಿ ರಿಪೇರಿ ಮಾಡ್ತಾನ ಅಂದಿ. ಅಂವಾ ತಪ್ಪಿದ್ರ ಲಾರಿ ನಡುದಾರ್ಯಾಗ ನಿಲ್ಲತದ. ನೀ ತಪ್ಪಿದ್ರ ಯಾರಿಗೂ ಏನೂ ಆಗೂದಿಲ್ಲ. ಅದಕ್ಕ ಇಷ್ಟ ಆರಾಮ ತಪ್ಪತೀ."

ಮೊದಲನೆಯ ವರ್ಷ ಐದು ಶನಿವಾರ ಹೋದೆವು. ನಾನು ತಿರುಗಿದ್ದು ಒಂದೇ ಸಲ. ಉಳಿದ ದಿನಗಳಲ್ಲಿ ಉತ್ತರ ಬರುವಷ್ಟರಲ್ಲಿ ಬೆಳಕು ಇಳಿದು ಮರಗಳೆಲ್ಲ ಒಂದೇ ಬೂದಿ ಬಣ್ಣ. ಆ ಒಂದು ಸಲ ನೋಡಿದ್ದು ಮಾತ್ರ ಕಣ್ಣಲ್ಲಿ ಹಾಗೇ ಉಳಿದಿದೆ. ಅಬ್ಬಾ ಲಾರಿಯ ಕಮಾನು ಪಟ್ಟಿಯನ್ನು ಕುಲುಮೆಗೆ ಇಟ್ಟು ತೆಗೆದಾಗ ತುದಿಯಲ್ಲಿ ಹಳದಿ, ಒಳಗೆ ಹೋದಂತೆ ಕಿತ್ತಳೆ, ನಡುವೆ ನೋಡಲಾಗದಂಥ ಕೆಂಪು ಇರುತ್ತಿತ್ತಲ್ಲ, ಗುಡ್ಡ ಹಾಗೆ ನಿಂತಿತ್ತು. ಹಿಂದಿನಿಂದ ಮೇಡಂ ಹೇಳಿದರು, "ನೋಡಿದ್ದು ಸಾಕು. ಎರಡನೇದು ಬರಿ."

ಡಿಸೆಂಬರಿನಲ್ಲಿ ರಿಸಲ್ಟ್ ಬಂತು. ಬಿ ಮೈನಸ್, ಪಾಸಾಗಿದ್ದೆ. ಕಾರ್ಖಾನೆಯ ಶೌಚಾಲಯದಲ್ಲಿ ನಿಂತು ಅವರಿಗೇ ಮೊದಲು ಫೋನ್ ಮಾಡಿದೆ. "ಮೈನಸ್ ಯಾಕ?" ಎಂದು ಕೇಳಿ ಇಟ್ಟರು.

ಹೀಗೆ ನಾಲ್ಕು ಅಕ್ಟೋಬರ್. ಕ್ಯಾಲ್ಕುಲಸ್ ಮುಗಿದ ಮೇಲೆ ಫಿಸಿಕ್ಸು, ಸ್ಟಾಟಿಸ್ಟಿಕ್ಸು. ಎಲೆ ಉದುರಿದ ತಿಂಗಳುಗಳಲ್ಲಿ ಅವರ ಅಡುಗೆಮನೆಯ ಮೇಜಿನ ಮೇಲೆ, ಗೋಡೆಗೆ ಮುಖ ಮಾಡಿ. ಬೈಗುಳ ಒಂದು ದಿನವೂ ಕಡಿಮೆಯಾಗಲಿಲ್ಲ, ಪಾಠ ಒಂದು ದಿನವೂ ತಪ್ಪಲಿಲ್ಲ. ಮೂವತ್ತಾರನೆಯ ವಯಸ್ಸಿಗೆ ಮೇ ತಿಂಗಳಿನಲ್ಲಿ ನಾನು ಕಪ್ಪು ಗೌನು ಹಾಕಿಕೊಂಡು ವೇದಿಕೆ ಹತ್ತಿದೆ. ಅದನ್ನು ಹೇಳಿಕೊಳ್ಳುವಾಗ ನನಗೆ ನಾಚಿಕೆಯಿಲ್ಲ, ಇವತ್ತಿಗೂ ಎದೆ ಉಬ್ಬುತ್ತದೆ.

ಮರುದಿನ ಮನೆಯಲ್ಲಿ ಊಟ ಇಟ್ಟುಕೊಂಡಿದ್ದೆವು. ಬಿರಿಯಾನಿಯ ಮನೆಗೆ ಮೇಡಂ ಬಂದರು, ಎರಡು ಬಾಳೆಹಣ್ಣು ತಿಂದು ಚಹಾ ಕುಡಿದರು. ಅದೇ ಹೊತ್ತಿಗೆ ಹರಿಹರದಿಂದ ಅಬ್ಬಾ ವಿಡಿಯೋ ಕಾಲ್ ಮಾಡಿದರು. ಗ್ಯಾರೇಜಿನ ಮುಂದೆ ಕಟ್ಟಿಸಿದ ಫ್ಲೆಕ್ಸನ್ನು ಫೋನಿನಲ್ಲಿ ತೋರಿಸಿದರು. ನನ್ನ ಫೋಟೋ, ಕೆಳಗೆ ದೊಡ್ಡ ಅಕ್ಷರದಲ್ಲಿ: ನಮ್ಮ ಮಗಳು ಇಂಜಿನಿಯರ್.

"ಇವರೇ ಏನಮ್ಮಾ ಆ ಟೀಚರು? ಕೊಡು, ಸಲಾಂ ಹೇಳ್ತೀನಿ," ಎಂದರು. ಫೋನು ಕೊಟ್ಟೆ. "ತಾಯಿ, ನಿಮ್ಮಿಂದ ನನ್ನ ಮಗಳು ಇಂಜಿನಿಯರ್ ಆದಳು," ಎಂದರು ಅಬ್ಬಾ.

ಟಕ್ ಎಂಬ ಸದ್ದು ನನಗೆ ಕೇಳಿಸಿತು.

"ಇಂಜಿನಿಯರ್ ಅಲ್ರೀ. ಆಕಿ ಮಾಡಿದ್ದು ಇಂಜಿನಿಯರಿಂಗ್ ಟೆಕ್ನಾಲಜಿ. ಅದು ಬ್ಯಾರೆ, ಇದು ಬ್ಯಾರೆ. ಆ ಬೋರ್ಡು ತಪ್ಪದ. ತಗಸ್ರಿ."

ಅವರು ಹೇಳಿದ್ದು ನಿಜ. ಎರಡು ಡಿಗ್ರಿಗಳ ನಡುವೆ ಅಂತರ ಇದೆ, ಕೆಲಸಕ್ಕೆ ಅಪ್ಲೈ ಮಾಡುವಾಗ ಅದು ಗೊತ್ತಾಗುತ್ತದೆ. ಅದನ್ನು ಅಬ್ಬಾಗೆ ನಾನು ಯಾವತ್ತೂ ಬಿಡಿಸಿ ಹೇಳಿರಲಿಲ್ಲ. ತೆರೆಯ ಮೇಲೆ ಅವರ ಮುಖದಲ್ಲಿ ನಗು ಇತ್ತು, ಆದರೆ ಅದನ್ನು ಎಲ್ಲಿಡಬೇಕೆಂದು ತಿಳಿಯದವರಂತೆ ಹಿಡಿದುಕೊಂಡಿದ್ದರು. "ಹಂಗಾ ತಾಯಿ, ನಮಗೇನು ಗೊತ್ತಾಗುತ್ತೆ," ಎಂದರು. ಮರುದಿನ ಬೆಳಿಗ್ಗೆ ಏಣಿ ಹಾಕಿ ತಾವೇ ಹತ್ತಿ, ಆ ಒಂದು ಪದದ ಮೇಲೆ ಕಪ್ಪು ಪೇಂಟ್ ಬಳಿದರಂತೆ. ರಸ್ತೆಯ ಜನವೆಲ್ಲ ನೋಡುತ್ತಿದ್ದರು ಎಂದು ನನ್ನ ತಮ್ಮ ಫೋನಿನಲ್ಲಿ ಹೇಳಿದ. ಫ್ಲೆಕ್ಸನ್ನು ಪೂರ್ತಿ ಇಳಿಸಲು ಅಬ್ಬಾಗೆ ಮನಸ್ಸಾಗಲಿಲ್ಲ. "ನಮ್ಮ ಮಗಳು", ಅದರ ಮುಂದೆ ಒಂದು ಕಪ್ಪು ಪಟ್ಟಿ. ಮಳೆಗಾಲದವರೆಗೂ ಅದು ಹಾಗೇ ನೇತಾಡಿತು.

ಆ ಕಪ್ಪು ಪಟ್ಟಿಯನ್ನು ನಾನು ಅಕ್ಟೋಬರಿನವರೆಗೆ ಎದೆಯಲ್ಲಿಟ್ಟುಕೊಂಡೆ.

ಎರಡನೆಯ ವಾರ ಮೇಡಂ ಫೋನು. "ಏನವಾ, ಈ ಶನಿವಾರ ಹೋಗೋಣೇನು? ಉತ್ತರದ ಕಡೆ ಕೆಂಪಾಗೇದ."

"ಹೊಸ ಕೆಲಸ ಮೇಡಂ, ಓವರ್‌ಟೈಮ್ ಇದೆ."

ಓವರ್‌ಟೈಮ್ ಇರಲಿಲ್ಲ. ಮುಂದಿನ ವಾರ ಮಗಳಿಗೆ ಜ್ವರ ಎಂದೆ, ಮಗಳು ಅಂಗಳದಲ್ಲಿ ಸೈಕಲ್ ಹೊಡೆಯುತ್ತಿದ್ದಳು. ಅದರ ಮುಂದಿನ ವಾರ ಅವರ ದನಿ ಬೇರೆಯಾಗಿತ್ತು. "ನಿನಗ ಯಾವಾಗ ಅನುಕೂಲ ಆಗ್ತದ, ಹೇಳು. ನಾ ತಯಾರ ಇರತೀನಿ." ಅಪ್ಪಣೆ ಬಿಟ್ಟು ಬೇರೆ ಗೊತ್ತಿಲ್ಲದ ಹೆಂಗಸು ಕೇಳಿಕೊಳ್ಳುತ್ತಿದ್ದರು. ಫೋನಿನ ಈ ಕಡೆ ನನಗೆ ಸುಖವಾಯಿತು. ಸುಖ ಎಂಬ ಪದವನ್ನೇ ಬಳಸುತ್ತಿದ್ದೇನೆ, ಬೇರೆ ಪದ ಇಲ್ಲ.

ಯಾವ ಕೌಂಟಿಯಲ್ಲಿ ಬಣ್ಣ ಎಷ್ಟು ಬಂದಿದೆ ಎಂದು ತೋರಿಸುವ ನಕ್ಷೆ ಇಲ್ಲಿ ಫೋನಿನಲ್ಲೇ ಸಿಗುತ್ತದೆ. ಪ್ರತಿದಿನ ಊಟದ ಬಿಡುವಿನಲ್ಲಿ ಅದನ್ನು ತೆರೆದು ನೋಡುತ್ತಿದ್ದೆ. ಉತ್ತರದಲ್ಲಿ ಕೆಂಪು ಕಂದಾಗಿ, ಕಂದು ಬೂದಿಯಾಗುವವರೆಗೂ ಕಾದೆ. ನಮ್ಮ ಪಕ್ಕದಲ್ಲೇ ಇನ್ನೂ ಬಣ್ಣವಿತ್ತು, ಅಲ್ಲಿಗೆ ಕರೆಯಲಿಲ್ಲ. ನವೆಂಬರಿನ ಮೊದಲ ಶನಿವಾರ ಫೋನ್ ಮಾಡಿ, "ಬನ್ನಿ ಮೇಡಂ, ಗೇಲಾರ್ಡ್ ಕಡೆ ಹೋಗೋಣ," ಎಂದೆ. ಇನ್ನೂರಕ್ಕೂ ಹೆಚ್ಚು ಮೈಲಿ ಉತ್ತರಕ್ಕೆ.

ಅವರು ಬಾಗಿಲಲ್ಲೇ ಕಾಯುತ್ತಿದ್ದರು. ಕೋಟು ಹಿಂದಿನ ವರ್ಷದ್ದೇ, ಒಳಗಿನ ಮೈ ಅರ್ಧವಾಗಿತ್ತು. ವಯಸ್ಸು ಎಂದುಕೊಂಡೆ. ದಾರಿಯುದ್ದಕ್ಕೂ ಒಂದು ಪ್ರಶ್ನೆ ಕೇಳಲಿಲ್ಲ, ಒಂದು ಬೈಗುಳ ಇಲ್ಲ. ಫ್ಲಿಂಟ್ ನಗರ ದಾಟಿದ ಮೇಲೆ ಎರಡೂ ಬದಿಗೆ ಬರೀ ಕಡ್ಡಿಗಳು. ಅವರು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಮೂರು ಗಂಟೆ ಓಡಿಸಿದ ಮೇಲೆ ಒಂದು ಗುಡ್ಡದ ನೆತ್ತಿಯಲ್ಲಿ ಕಾರು ನಿಲ್ಲಿಸಿದೆ. ಬೇರೆ ಒಂದು ಕಾರೂ ಇರಲಿಲ್ಲ. ಕೆಳಗೆ ಕಣಿವೆಯಿಡೀ ಕೂದಲು ಬೋಳಿಸಿದ ತಲೆಯಂತೆ ಬಿದ್ದಿತ್ತು. ನಾನು ಕಣಿವೆ ನೋಡಲಿಲ್ಲ. ಅಬ್ಬಾನ ಮುಖವನ್ನು ಅವರ ಮುಖದಲ್ಲಿ ನೋಡಬೇಕಿತ್ತು.

"ಈ ಸಲ ಬೇಗ ಉದುರಿಬಿಟ್ಟಿದೆ ಅನ್ಸುತ್ತೆ, ಮೇಡಂ."

"ಬೇಗ ಉದುರಿಲ್ಲ. ನೀ ತಡಾ ಮಾಡಿ ತಂದಿ. ಆ ನಕಾಶಿ ನಾನೂ ದಿನಾ ನೋಡ್ತೀನಿ."

"ಗೊತ್ತಿದ್ದೂ ಯಾಕೆ ಬಂದ್ರಿ ಹಾಗಾದರೆ?"

"ಎಲ್ಲಿ ತನಕಾ ಹೋಗ್ತಿ ನೋಡೂಣ ಅಂತ." ಕಣಿವೆಯ ಕಡೆಗೇ ನೋಡುತ್ತ ಹೇಳಿದರು. "ದಿನಾ, ಊರು, ದಾರಿ, ಎಲ್ಲಾ ಬರೋಬ್ಬರಿ ಹೊಂದಿಸೀ. ಐದು ವರ್ಷದಾಗ ನೀ ಒಂದೂ ತಪ್ಪಿಲ್ಲದ ಮಾಡಿದ ಲೆಕ್ಕ ಇದು."

"ನಮ್ಮಬ್ಬಾ ಹತ್ರ ಹಾಗೆ ಹೇಳಬಾರದಿತ್ತು ನೀವು."

"ಸುಳ್ಳ ಹೇಳಬೇಕಿತ್ತೇನು?"

"ಏನೂ ಹೇಳದೆ ಇರಬಹುದಿತ್ತು."

ಗಾಳಿಗೆ ಅವರ ಕಣ್ಣಲ್ಲಿ ನೀರು ಬಂದಿತ್ತು. ಗಾಳಿಗೇ ಇರಬೇಕು. "ಅದು ನನಗ ಬರೂದಿಲ್ಲ," ಎಂದರು. ಕ್ಷಮೆಗೆ ಹತ್ತಿರದ ಮಾತು ಅವರಿಂದ ನಾನು ಕೇಳಿದ್ದು ಅಷ್ಟೇ.

ವಾಪಸು ಬರುವಾಗ ನಮ್ಮೂರು ಇನ್ನೇನು ಬಂತು ಎನ್ನುವಲ್ಲಿ ಒಂದು ಸಾಲು ಓಕ್ ಮರಗಳಲ್ಲಿ ಎಲೆ ಇತ್ತು, ಬಿಸಿಲಿಗೆ ತಾಮ್ರದಂತೆ ಹೊಳೆಯುತ್ತಿತ್ತು. ನನಗೆ ತಡೆಯಲಾಗಲಿಲ್ಲ, ವೇಗ ಇಳಿಸಿ ಬ್ಲಿಂಕರ್ ಹಾಕಿದೆ.

"ನಡಿ ಮುಂದ," ಎಂದರು. "ಕನಿಕರದ್ದು ನಾ ನೋಡಂಗಿಲ್ಲ."

ಫೆಬ್ರವರಿಯಲ್ಲಿ ತೀರಿಕೊಂಡರು. ಹದಿಮೂರನೆಯ ದಿನದ ಊಟಕ್ಕೆ ಹೋದೆ. ಮಗ ಬಾಗಿಲಲ್ಲಿ ನಿಂತಿದ್ದರು, ನನ್ನನ್ನು ನೋಡಿ ಪಕ್ಕಕ್ಕೆ ಕರೆದರು.

"ಅಮ್ಮಂಗೆ ಸೆಪ್ಟೆಂಬರ್‌ನಲ್ಲೇ ಈ ಕಾಯಿಲೆ ಡಯಾಗ್ನೋಸ್ ಆಗಿತ್ತು. ಯಾರಿಗೂ ಹೇಳಬೇಡ ಅಂದಿದ್ರು. ನಾನು ಲೀವ್ ಹಾಕಿ ಡ್ರೈವ್ ಮಾಡ್ತೀನಿ ಅಂದ್ರೆ ಒಪ್ಪಲಿಲ್ಲ. ನನ್ನ ಹುಡುಗಿ ಬರ್ತಾಳ, ಆಕಿ ಜೋಡೀನ ಹೋಗತೀನಿ ಅಂತ ಹಟ. ಹೋಗಿ ಬಂದ್ಮೇಲೆ ಹೇಗಿತ್ತು ಅಂತ ಕೇಳಿದೆ. ಛಲೋ ಇತ್ತು ಅಂದ್ರು, ಅಷ್ಟೇ." ಅವರ ದನಿ ಒಡೆಯಿತು. "ಆವತ್ತು ಯಾವ ಬಣ್ಣ ಜಾಸ್ತಿ ಇತ್ತು? ಕೆಂಪಾ?"

ಕೆಂಪು ಎನ್ನಬಹುದಿತ್ತು. ಒಂದು ಪದ.

"ಎಲೆ ಇರಲಿಲ್ಲ," ಎಂದೆ. "ಎಲ್ಲ ಉದುರಿಹೋಗಿತ್ತು. ನಾನು ಬೇಕಂತಲೇ ತಡ ಮಾಡಿ ಕರ್ಕೊಂಡು ಹೋದೆ. ಅವರ ಮೇಲೆ ಸಿಟ್ಟಿತ್ತು."

ಒಳಗಿನಿಂದ ಯಾರೋ ಬಡಿಸಲು ಕರೆದರು.

"ಊಟ ಮಾಡ್ಕೊಂಡು ಹೋಗಿ," ಎಂದು ಹೇಳಿ ಅವರು ಒಳಗೆ ಹೋದರು. ಆಮೇಲೆ ನಾನಿದ್ದ ಕಡೆ ಬರಲಿಲ್ಲ.

ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಸಾಲಿನಲ್ಲಿ ಕೂತು, ಬಡಿಸಿದ್ದನ್ನೆಲ್ಲ ತಿಂದೆ. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಂಗಸೊಬ್ಬರು ನನ್ನ ತಲೆಯ ಮೇಲಿನ ಸೆರಗನ್ನು ನೋಡಿ, "ನೀವು ಇವರಿಗೆ ಏನಾಗಬೇಕಮ್ಮ?" ಎಂದು ಕೇಳಿದರು.

"ಮೇಡಂ ಹತ್ರ ಓದಿದವಳು," ಎಂದೆ.